ಹಗುರವಾದ ಡೌನ್ ಸ್ಲೀಪಿಂಗ್ ಬ್ಯಾಗ್: ಜೂನ್‌ನ ಹಂಪ್ಟಾ, ಸೆಪ್ಟೆಂಬರ್‌ನ ಕಾಶ್ಮೀರ, ಎರಡಕ್ಕೂ ಒಂದೇ ಸಾಕೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳತಿಯರು ಜೂನ್ ಮಧ್ಯದಲ್ಲಿ ಹಿಮಾಚಲದ ಹಂಪ್ಟಾ ಪಾಸ್‌ಗೂ ಸೆಪ್ಟೆಂಬರ್‌ನಲ್ಲಿ ಕಾಶ್ಮೀರದ ಸರೋವರಗಳ ಚಾರಣಕ್ಕೂ (ಸೋನಮಾರ್ಗ್‌ನಿಂದ ನಾರಾನಾಗ್‌ವರೆಗೆ) ಹೊರಡುತ್ತಿದ್ದೇವೆ. ಸ್ಥಳೀಯ ಮಾರ್ಗದರ್ಶಿ ಜೊತೆಗಿರುತ್ತಾರೆ. ಹೇಸರಗತ್ತೆ ಬೇಡವೆಂದು ತೀರ್ಮಾನಿಸಿದ್ದೇವೆ, ಹೊರೆಯೆಲ್ಲ ನಮ್ಮ ಬೆನ್ನಿಗೇ. ಇದುವರೆಗೆ ಬಾಡಿಗೆಯ ಸ್ಲೀಪಿಂಗ್ ಬ್ಯಾಗ್‌ಗಳಲ್ಲೇ ಮಲಗಿದ್ದೇನೆ. ಅವು ಎರಡು ಕಿಲೋ ಹತ್ತಿರ ತೂಗುತ್ತವೆ, ರಕ್‌ಸ್ಯಾಕ್‌ನ ಅರ್ಧ ಜಾಗ ನುಂಗುತ್ತವೆ, ಹಿಂದೆ ಮಲಗಿದವರ ಬೆವರಿನ ವಾಸನೆ ಬೇರೆ. ಈ ಸಲ ಸ್ವಂತದ್ದೊಂದು ಡೌನ್ ಬ್ಯಾಗ್, ಅಂದರೆ ಹಕ್ಕಿಯ ತುಪ್ಪುಳ ತುಂಬಿದ್ದು, ಕೊಳ್ಳಬೇಕೆಂದಿದ್ದೇನೆ.

ನನ್ನ ಎತ್ತರ 160 ಸೆಂಟಿಮೀಟರ್, ತೂಕ 52 ಕಿಲೋ. ಎಲ್ಲರಿಗಿಂತ ಮೊದಲು ಚಳಿ ಹತ್ತುವುದು ನನಗೇ. ಹೆಚ್ಚೆಂದರೆ ಇಪ್ಪತ್ತು ಸಾವಿರ ಖರ್ಚು ಮಾಡಬಲ್ಲೆ. ಚೀಟಿಯ ಮೇಲೆ ಮೂರು ಮೂರು ಉಷ್ಣಾಂಶ ಬರೆದಿರುತ್ತಾರೆ, ಯಾವುದನ್ನು ನಂಬಬೇಕು? 650, 800 ಎಂಬ ಫಿಲ್ ಪವರ್ ಅಂಕಿ ಎಷ್ಟು ಮುಖ್ಯ? ಒಂದೇ ಬ್ಯಾಗ್‌ನಲ್ಲಿ ಎರಡೂ ಚಾರಣ ಮುಗಿಸಬಹುದೇ?

ಗಿರಿಜಾಡು

ಮೇಡಂ, ಮೊದಲು ಉಷ್ಣಾಂಶದ ವಿಷಯ ಹೇಳುತ್ತೇನೆ, ಏಕೆಂದರೆ ಕೊಳ್ಳುವವರು ಹೆಚ್ಚಾಗಿ ದಾರಿ ತಪ್ಪುವುದು ಅಲ್ಲಿಯೇ.

ಯುರೋಪಿನಲ್ಲಿ 2002ರಲ್ಲಿ ಇಎನ್ 13537 ಎಂಬ ಮಾನದಂಡ ಬಂತು. 2016ರಲ್ಲಿ ಅದರ ಜಾಗಕ್ಕೆ ಐಎಸ್ಒ 23537 ಬಂದಿತು. ಪರೀಕ್ಷೆಯ ಕ್ರಮ ಹೀಗೆ: ಮನುಷ್ಯಾಕಾರದ ಗೊಂಬೆಯೊಂದನ್ನು ಬಿಸಿ ಮಾಡಿ, ಒಳ ಉಡುಪು ತೊಡಿಸಿ, ಒಳ್ಳೆಯ ಮ್ಯಾಟ್ ಮೇಲೆ ಬ್ಯಾಗ್‌ನೊಳಗೆ ಮಲಗಿಸುತ್ತಾರೆ. ಶೀತಲ ಕೋಣೆಯಲ್ಲಿ ಅದು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂದು ಅಳೆದು ಅಂಕಿಗಳನ್ನು ಲೆಕ್ಕ ಹಾಕುತ್ತಾರೆ. ‘ಕಂಫರ್ಟ್’ ಎಂದರೆ ಸರಾಸರಿ ಮಹಿಳೆ ಕೈಕಾಲು ಚಾಚಿ ನಿರಾಳವಾಗಿ ನಿದ್ರಿಸಬಹುದಾದ ಉಷ್ಣಾಂಶ. ‘ಲಿಮಿಟ್’ ಎಂದರೆ ಸರಾಸರಿ ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದದ್ದು. ‘ಎಕ್ಸ್‌ಟ್ರೀಮ್’ ನಿದ್ರೆಗೆ ಸಂಬಂಧಿಸಿದ ಅಂಕಿಯೇ ಅಲ್ಲ. ಆರು ಗಂಟೆ ಕಾಲ ಜೀವ ಉಳಿಯಬಹುದು ಎಂಬ ಅಂದಾಜು ಅದು. ಅಷ್ಟರಲ್ಲಿ ಶೀತದಿಂದ ಕೈಕಾಲಿಗೆ ಹಾನಿಯಾಗಬಹುದು.

ಆ ಲೆಕ್ಕದ ‘ಸರಾಸರಿ ಮಹಿಳೆ’ 25 ವರ್ಷದವಳು, 160 ಸೆಂಟಿಮೀಟರ್ ಎತ್ತರ, 60 ಕಿಲೋ ತೂಕ. ಎತ್ತರದಲ್ಲಿ ಅದು ನೀವೇ. ತೂಕದಲ್ಲಿ ನೀವು ಕಡಿಮೆ, ಚಳಿಯೂ ಬೇಗ ಹತ್ತುತ್ತದೆ ಎನ್ನುತ್ತೀರಿ. ಆದ್ದರಿಂದ ನಿಮ್ಮ ಪಾಲಿಗೆ ಕಂಫರ್ಟ್ ಒಂದೇ ಅಂಕಿ. ಉಳಿದೆರಡನ್ನು ಕಣ್ಣೆತ್ತಿಯೂ ನೋಡಬೇಡಿ. ಕಂಫರ್ಟ್ ಮೇಲೆಯೂ ಮೂರರಿಂದ ಐದು ಡಿಗ್ರಿಯ ಅಂತರ ಇಟ್ಟುಕೊಳ್ಳಿ.

ಬೆಂಗಳೂರಿನ ಅಂಗಡಿಯೊಂದರಲ್ಲಿ ‘ಮೈನಸ್ 15’ ಎಂದು ದಪ್ಪ ಅಕ್ಷರದಲ್ಲಿ ಬರೆದ ಬ್ಯಾಗ್ ನೋಡಿದೆ. ಒಳಗಿನ ಚೀಟಿ ತಿರುಗಿಸಿದರೆ ಅದು ಎಕ್ಸ್‌ಟ್ರೀಮ್ ಅಂಕಿ. ಕಂಫರ್ಟ್ ಸೊನ್ನೆಗಿಂತ ಮೇಲಿತ್ತು. ಅದನ್ನು ನಂಬಿ ಹಿಮದ ಮೇಲೆ ಮಲಗಿದವರ ಗತಿ ಏನು? ಇಂಥ ಮಾರಾಟ ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಇನ್ನು ನಿಮಗೆ ಎಷ್ಟು ಬೇಕು? ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಮನಾಲಿ 2,050 ಮೀಟರ್‌ನಲ್ಲಿದೆ. ಹಂಪ್ಟಾ ದಾರಿಯ ಎತ್ತರದ ಬಿಡಾರಗಳು 3,900 ಮೀಟರ್ ಆಸುಪಾಸಿನಲ್ಲಿವೆ. ಮನಾಲಿಯಲ್ಲಿ ರಾತ್ರಿ 12 ಡಿಗ್ರಿ ಇದ್ದರೆ ಅಲ್ಲಿ ಸೊನ್ನೆಯ ಸುತ್ತ ಇರುತ್ತದೆ. ಮೋಡವಿಲ್ಲದ ರಾತ್ರಿ ಇನ್ನೂ ಒಂದೆರಡು ಡಿಗ್ರಿ ಜಾರುತ್ತದೆ. ಕಾಶ್ಮೀರದ ಬಿಡಾರಗಳು 3,500 ಮೀಟರ್ ಮೇಲಿವೆ, ಸೆಪ್ಟೆಂಬರ್ ಕೊನೆಗೆ ಹೋದಷ್ಟೂ ಚಳಿ. ಕಂಫರ್ಟ್ ಸೊನ್ನೆ ಇರುವ ಬ್ಯಾಗ್ ಮತ್ತು ಮೈಮೇಲೆ ಒಣ ಥರ್ಮಲ್ ಇದ್ದರೆ ಎರಡಕ್ಕೂ ಸರಿ. ಮೈನಸ್ ಮೂರು ಸಿಕ್ಕರೆ ನಿಶ್ಚಿಂತೆ.

ಬಯಲುಸೀಮೆ

ಗಿರಿಜಾಡು ಅವರು ಹೇಳಿದ್ದು ಸರಿ. ಫಿಲ್ ಪವರ್ ಬಗ್ಗೆ ನಾನು ಬರೆಯುತ್ತೇನೆ. ಮಾರಾಟಗಾರರು ಅತಿ ಹೆಚ್ಚು ಕೂಗಿ ಹೇಳುವ ಅಂಕಿ ಇದು, ಕೊಳ್ಳುವವರು ಅತಿ ಕಡಿಮೆ ಪ್ರಶ್ನಿಸುವ ಅಂಕಿಯೂ ಇದೇ.

ಒಂದು ಔನ್ಸ್ ತುಪ್ಪುಳ, ಅಂದರೆ 28 ಗ್ರಾಂ, ಎಷ್ಟು ಘನ ಅಂಗುಲ ಉಬ್ಬಿ ನಿಲ್ಲುತ್ತದೆ ಎಂಬುದೇ ಫಿಲ್ ಪವರ್. 800 ಎಂದರೆ ಆ 28 ಗ್ರಾಂ ಸುಮಾರು 13 ಲೀಟರ್ ಜಾಗ ತುಂಬುತ್ತದೆ. ತುಪ್ಪುಳದ ನಡುವೆ ಸಿಕ್ಕಿಕೊಂಡ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಆದರೆ ಆ ಅಂಕಿ ತುಪ್ಪುಳದ ಗುಣವನ್ನಷ್ಟೇ ಹೇಳುತ್ತದೆ, ಬ್ಯಾಗ್‌ನ ಬಿಸುಪನ್ನಲ್ಲ. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದನ್ನು ಅದರೊಂದಿಗೆ ಗುಣಿಸಬೇಕು.

800ರ ತುಪ್ಪುಳ 16 ಔನ್ಸ್: 12,800 ಘನ ಅಂಗುಲ.
650ರ ತುಪ್ಪುಳ 20 ಔನ್ಸ್: 13,000 ಘನ ಅಂಗುಲ.

ಎರಡರ ಬಿಸುಪೂ ಹೆಚ್ಚುಕಡಿಮೆ ಒಂದೇ. ತೂಕದ ವ್ಯತ್ಯಾಸ ನಾಲ್ಕು ಔನ್ಸ್, ಅಂದರೆ 113 ಗ್ರಾಂ. ಅಷ್ಟಕ್ಕಾಗಿ ಬೆಲೆ ಎಷ್ಟೋ ಸಾವಿರ ಏರುತ್ತದೆ. ಹಗುರ ಬೇಕೆನ್ನುವ ಆಸೆ ನನಗೂ ಇದೆ, ಆದರೆ 800 ಎಂಬ ಅಂಕಿ ಕಂಡು ಮರುಳಾಗಬೇಡಿ. ತುಂಬಿದ ತುಪ್ಪುಳದ ತೂಕ ಬರೆಯದ ಕಂಪನಿಯ ಬ್ಯಾಗ್ ಕೊಳ್ಳಲೇಬೇಡಿ. ಮುಚ್ಚಿಡಲು ಕಾರಣವಿಲ್ಲದವರು ಅದನ್ನು ಬರೆದೇ ಬರೆಯುತ್ತಾರೆ.

ಮಲೆನಾಡ ದಾರಿ

ಒಂದು ಮಾತು. ಬ್ಯಾಗ್‌ನ ಬಗ್ಗೆ ಇಷ್ಟು ಚರ್ಚೆಯಾಗುತ್ತಿದೆ, ಅಡಿಯಲ್ಲಿ ಹಾಸುವ ಮ್ಯಾಟ್ ಬಗ್ಗೆ ಯಾರೂ ವಿವರವಾಗಿ ಹೇಳಲಿಲ್ಲ. ನಾವು ಮಲಗಿದ ಕೂಡಲೇ ಬೆನ್ನ ಕೆಳಗಿನ ತುಪ್ಪುಳ ಅಪ್ಪಚ್ಚಿಯಾಗುತ್ತದೆ, ಅಲ್ಲಿ ಗಾಳಿಯೇ ಉಳಿಯುವುದಿಲ್ಲ. ನೆಲದ ಚಳಿ ತಡೆಯುವುದು ಮ್ಯಾಟ್ ಮಾತ್ರ. ಅದಕ್ಕೂ ಒಂದು ಅಳತೆಯಿದೆ, ಆರ್-ವ್ಯಾಲ್ಯೂ. ಮಡಚುವ ಫೋಮ್ ಮ್ಯಾಟ್‌ಗೆ ಎರಡರ ಸುತ್ತ ಇರುತ್ತದೆ, ಒಳಗೆ ಶಾಖ ತಡೆಯುವ ಪದರಗಳಿರುವ ಗಾಳಿಯ ಮ್ಯಾಟ್‌ಗೆ ನಾಲ್ಕು ಅಥವಾ ಹೆಚ್ಚು. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಅಂಕಿಗಳೂ ಕೂಡುತ್ತವೆ. ಯೋಗದ ಮ್ಯಾಟ್ ಹಾಸಿಕೊಂಡು ಮೈನಸ್ ಬ್ಯಾಗ್‌ನಲ್ಲಿ ನಡುಗಿದವರನ್ನು ಬಹಳ ಕಂಡಿದ್ದೇನೆ. ಎಲ್ಲರೂ ಬೈದದ್ದು ಬ್ಯಾಗ್ ಅನ್ನು!

ನಿಮ್ಮ ಇಪ್ಪತ್ತು ಸಾವಿರದಲ್ಲಿ ನಾಲ್ಕೈದು ಸಾವಿರ ಮ್ಯಾಟ್‌ಗೆ ತೆಗೆದಿಡಿ. ಬ್ಯಾಗ್‌ನ ಬೆಲೆ ಅಷ್ಟು ಇಳಿಸಿಕೊಂಡರೂ ನಷ್ಟವಿಲ್ಲ.

ಅಘನಾಶಿನಿ

ನನ್ನದು ಬೇರೆ ಪ್ರಶ್ನೆ, ದಯವಿಟ್ಟು ಯಾರೂ ತಪ್ಪು ತಿಳಿಯಬೇಡಿ. ನಮ್ಮ ಮನೆಯಲ್ಲಿ ಮಾಂಸಾಹಾರವಿಲ್ಲ. ಬಾತುಕೋಳಿ, ಹೆಬ್ಬಾತುಗಳ ತುಪ್ಪುಳ ಹೊದ್ದು ಮಲಗುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಜೀವಂತ ಹಕ್ಕಿಯಿಂದ ಕೀಳುತ್ತಾರೆ ಎಂದು ಕೇಳಿದ್ದೇನೆ. ಸಿಂಥೆಟಿಕ್‌ನಲ್ಲಿ ಹಗುರವಾದದ್ದು ಇಲ್ಲವೇ?

ಗಿರಿಜಾಡು

ತಪ್ಪು ತಿಳಿಯುವಂಥದ್ದು ಏನೂ ಇಲ್ಲ, ಕೇಳಲೇಬೇಕಾದ ಪ್ರಶ್ನೆ. ತುಪ್ಪುಳದ ಬಹುಪಾಲು ಮಾಂಸಕ್ಕಾಗಿ ಸಾಕಿದ ಹಕ್ಕಿಗಳ ಉಪಉತ್ಪನ್ನ. ಜೀವಂತವಾಗಿ ಕೀಳುವ ಪದ್ಧತಿ ಇತ್ತು ಎಂಬುದೂ ನಿಜ. ಅದನ್ನೂ ಬಲವಂತವಾಗಿ ತಿನ್ನಿಸಿ ಕೊಬ್ಬಿಸುವುದನ್ನೂ ನಿಷೇಧಿಸುವ ‘ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್’ 2014ರಲ್ಲಿ ಬಂತು. ಚೀಟಿಯ ಮೇಲೆ ಆರ್‌ಡಿಎಸ್ ಮುದ್ರೆ ಇದೆಯೇ ನೋಡಬಹುದು. ಆದರೆ ಅದು ಹಿಂಸೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಹಕ್ಕಿಯನ್ನು ಕೊನೆಗೆ ಕೊಲ್ಲುತ್ತಾರೆ. ನಿಮ್ಮ ಮನಸ್ಸು ಒಪ್ಪದಿದ್ದರೆ ಮುದ್ರೆ ನೋಡಿ ಒಪ್ಪಿಸಿಕೊಳ್ಳಬೇಕಾಗಿಲ್ಲ.

ಬಯಲುಸೀಮೆ

ಸಿಂಥೆಟಿಕ್ ಪರವಾಗಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಕಂಫರ್ಟ್ ಸೊನ್ನೆಯ ಡೌನ್ ಬ್ಯಾಗ್ ಒಂದು ಕಿಲೋ ಆಸುಪಾಸು, ಅದೇ ಬಿಸುಪಿನ ಸಿಂಥೆಟಿಕ್ ಒಂದೂವರೆಯಿಂದ ಎರಡು ಕಿಲೋ. ಮಡಚಿದರೆ ಗಾತ್ರವೂ ದೊಡ್ಡದು, ಕೆಲವು ವರ್ಷಗಳಲ್ಲಿ ಉಬ್ಬು ಕುಗ್ಗುತ್ತದೆ. ಇದಿಷ್ಟು ಅದರ ಕೊರತೆ. ಆದರೆ ನೆನೆದರೂ ಒಂದಿಷ್ಟು ಬಿಸುಪು ಉಳಿಸಿಕೊಳ್ಳುತ್ತದೆ, ಬೇಗ ಒಣಗುತ್ತದೆ, ಒಗೆಯಲು ಸುಲಭ, ಬೆಲೆ ಅರ್ಧಕ್ಕಿಂತ ಕಡಿಮೆ. ಡೌನ್ ಒಮ್ಮೆ ಸರಿಯಾಗಿ ನೆನೆಯಿತೆಂದರೆ ಹಳೆಯ ಹತ್ತಿ ಹಾಸಿಗೆಯ ಹಾಗೆ ಗಂಟುಗಂಟಾಗುತ್ತದೆ, ಆ ರಾತ್ರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಹಿಮಾಲಯದ ಮುಂಗಾರಿನಲ್ಲಿ, ನಮ್ಮ ಘಟ್ಟಗಳಲ್ಲಿ ನಾನು ಇಂದಿಗೂ ಸಿಂಥೆಟಿಕ್ ಬಳಸುತ್ತೇನೆ. ಅಘನಾಶಿನಿಯವರೇ, ಐನೂರು ಗ್ರಾಂ ಹೆಚ್ಚು ಹೊತ್ತು ನೆಮ್ಮದಿಯಾಗಿ ನಿದ್ರಿಸುವುದು ಖಂಡಿತ ಒಳ್ಳೆಯ ಆಯ್ಕೆ.

ಮಲೆನಾಡ ದಾರಿ

ಘಟ್ಟಗಳ ಮಾತು ಬಂದದ್ದರಿಂದ ಹೇಳುತ್ತೇನೆ. ತಡಿಯಂಡಮೋಳ್ 1,748 ಮೀಟರ್, ಕುಮಾರಪರ್ವತ 1,712 ಮೀಟರ್. ಈ ಎತ್ತರಕ್ಕೆ ಕಂಫರ್ಟ್ ಸೊನ್ನೆಯ ಬ್ಯಾಗ್ ಅತಿಯಾಯಿತು. ಡಿಸೆಂಬರ್, ಜನವರಿಯಲ್ಲಿಯೂ ಜಿಪ್ ಪೂರ್ತಿ ತೆರೆದು ರಜಾಯಿಯಂತೆ ಹೊದ್ದರೆ ಸಾಕು. ಇನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಟೆಂಟ್ ಹಾಕಿ ತಂಗಲು ಬಿಡುವುದೇ ಇಲ್ಲ. ಊರ ಸುತ್ತಲಿನ ಕಾಡಿಗಾಗಿಯೂ ಬೇಕು ಎಂಬ ಲೆಕ್ಕದಲ್ಲಿ ದುಬಾರಿ ಡೌನ್ ಕೊಳ್ಳುವವರು ಮೊದಲು ಅರಣ್ಯ ಇಲಾಖೆಯ ನಿಯಮ ಓದಲಿ. ಉತ್ತರಾಖಂಡದಲ್ಲಿಯೂ 2018ರಲ್ಲಿ ಅಲ್ಲಿನ ಹೈಕೋರ್ಟ್ ಬುಗ್ಯಾಲ್ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿದೆ.

ಸಿಯಾಟಲ್ ಕನ್ನಡಿಗ

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಇಲ್ಲಿ ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ನಡೆಯುತ್ತೇನೆ. ‘ಮೂರು ಋತುವಿನ ಬ್ಯಾಗ್’ ಎಂಬ ವರ್ಗೀಕರಣ ಇಲ್ಲಿನ ವಸಂತ, ಬೇಸಿಗೆ, ಶರತ್ಕಾಲಗಳ ಮೇಲೆ ನಿಂತಿದೆ. ನಿಮ್ಮ ಜೂನ್ ಮತ್ತು ಸೆಪ್ಟೆಂಬರ್ ಚಾರಣಗಳಿಗೂ ಅದೇ ವರ್ಗ ಸರಿಹೊಂದುತ್ತದೆ.

ಅಮೆರಿಕದಿಂದ ನೆಂಟರ ಕೈಯಲ್ಲಿ ತರಿಸುವವರಿಗೆ ಎರಡು ಎಚ್ಚರಿಕೆ. ಇಲ್ಲಿನ ಬ್ಯಾಗ್‌ಗಳ ಹೆಸರಿನಲ್ಲಿರುವ 20, 30 ಎಂಬ ಅಂಕಿ ಫ್ಯಾರನ್‌ಹೀಟ್. 20 ಎಂದರೆ ಮೈನಸ್ 7 ಸೆಲ್ಸಿಯಸ್, 30 ಎಂದರೆ ಮೈನಸ್ 1. ಆ ಅಂಕಿಯೂ ಬಹುತೇಕ ಗಂಡಸರ ಬ್ಯಾಗ್‌ಗಳಲ್ಲಿ ಲಿಮಿಟ್ ಮಾತ್ರ, ಕಂಫರ್ಟ್ ಅದಕ್ಕಿಂತ ಐದಾರು ಡಿಗ್ರಿ ಸೆಲ್ಸಿಯಸ್ ಮೇಲಿರುತ್ತದೆ. ಸಣ್ಣ ತಯಾರಕರು ಕೆಲವರು ಪ್ರಯೋಗಾಲಯದ ಪರೀಕ್ಷೆ ಮಾಡಿಸದೆ ತಮ್ಮ ಅನುಭವದ ಅಂಕಿ ಬರೆಯುತ್ತಾರೆ.

ಹಾಗೆಂದು ಸಣ್ಣವರೆಲ್ಲ ಕಳಪೆಯಲ್ಲ. ನಮ್ಮೂರಿನ ಫೆದರ್ಡ್ ಫ್ರೆಂಡ್ಸ್, ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಮೌಂಟನಿಯರಿಂಗ್ ಕಂಪನಿಗಳ ಬ್ಯಾಗ್ ಮುಟ್ಟಿ ನೋಡಿದರೆ ಕುಶಲಕರ್ಮ ಎಂದರೇನೆಂದು ತಿಳಿಯುತ್ತದೆ. ವೆಸ್ಟರ್ನ್ ಮೌಂಟನಿಯರಿಂಗ್‌ನ ಅಲ್ಟ್ರಾಲೈಟ್ ಎಂಬ ಬ್ಯಾಗ್‌ನಲ್ಲಿ ಸುಮಾರು 450 ಗ್ರಾಂ ತುಪ್ಪುಳ, ಒಟ್ಟು ತೂಕ 820 ಗ್ರಾಂ, 20 ಫ್ಯಾರನ್‌ಹೀಟ್ ಎಂದು ಗುರುತಿಸಿದ್ದಾರೆ. ಬೆಲೆ ಐನೂರು ಡಾಲರ್ ದಾಟುತ್ತದೆ. ತುಂಗಾತೀರ ಅವರ ಬಜೆಟ್‌ಗೆ ಅದು ಸಿಗುವುದಿಲ್ಲ, ಆದರೆ ಹೋಲಿಸಿ ನೋಡಲು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. 450 ಗ್ರಾಂ ಅತ್ಯುತ್ತಮ ತುಪ್ಪುಳಕ್ಕೇ ಇಷ್ಟು ಬಿಸುಪು ಎಂದಾದರೆ, 300 ಗ್ರಾಂ ಮಧ್ಯಮ ತುಪ್ಪುಳ ತುಂಬಿ ‘ಮೈನಸ್ 10’ ಎನ್ನುವವರನ್ನು ಹೇಗೆ ನಂಬುವುದು?

ಕ್ವಿಲ್ಟ್ ಬಗ್ಗೆಯೂ ಯೋಚಿಸಿ. ಬೆನ್ನಿನ ಭಾಗ, ತಲೆಗವಸು, ಜಿಪ್ ಮೂರನ್ನೂ ತೆಗೆದು ಮೇಲ್ಹೊದಿಕೆ ಮಾತ್ರ ಉಳಿಸಿದ್ದು ಅದು. ಇನ್ನೂರು ಗ್ರಾಂ ಸಲೀಸಾಗಿ ಇಳಿಯುತ್ತದೆ.

ಗಿರಿಜಾಡು

ಕ್ವಿಲ್ಟ್ ವಿಷಯದಲ್ಲಿ ನನ್ನ ಒಪ್ಪಿಗೆಯಿಲ್ಲ, ಕನಿಷ್ಠ ಇವರಿಗೆ. ಚಳಿ ಬೇಗ ಹತ್ತುವವರು, ಮೊದಲ ಸಲ ಕೊಳ್ಳುವವರು, ಸೊನ್ನೆಯ ಸುತ್ತಲಿನ ರಾತ್ರಿ. ಮಗ್ಗುಲು ಬದಲಿಸಿದಾಗಲೆಲ್ಲ ಅಂಚಿನಿಂದ ಗಾಳಿ ನುಗ್ಗುತ್ತದೆ. ತಲೆಗವಸು ಇರುವ, ಪಾದದ ಕಡೆ ಕಿರಿದಾಗುವ ಮಮ್ಮಿ ಆಕಾರವೇ ಸರಿ. ಭುಜದ ಬಳಿ ತುಪ್ಪುಳ ತುಂಬಿದ ಕೊರಳಪಟ್ಟಿ, ಜಿಪ್‌ನ ಉದ್ದಕ್ಕೂ ಒಳಗಡೆ ಒಂದು ತುಪ್ಪುಳದ ಕೊಳವೆ, ಎರಡೂ ಇವೆಯೇ ಎಂದು ಅಂಗಡಿಯಲ್ಲಿಯೇ ಕೈಯಾಡಿಸಿ ನೋಡಬೇಕು.

ಹೊಲಿಗೆಯನ್ನೂ ಗಮನಿಸಿ. ಹೊರಬಟ್ಟೆ, ಒಳಬಟ್ಟೆ ಎರಡನ್ನೂ ಒಟ್ಟಿಗೆ ಸೇರಿಸಿ ನೇರವಾಗಿ ಹೊಲಿದಿದ್ದರೆ ಆ ಹೊಲಿಗೆಯ ಗೆರೆಯುದ್ದಕ್ಕೂ ತುಪ್ಪುಳ ಇರುವುದಿಲ್ಲ, ಚಳಿ ಅಲ್ಲಿಂದಲೇ ಇಳಿಯುತ್ತದೆ. ಐದು, ಹತ್ತು ಡಿಗ್ರಿಯ ಬ್ಯಾಗ್‌ಗೆ ಅದು ಸಾಕು. ಸೊನ್ನೆಗೆ ಹೋಗುವುದಾದರೆ ನಡುವೆ ತೆಳುಬಟ್ಟೆಯ ಗೋಡೆಗಳಿರುವ, ಪೆಟ್ಟಿಗೆಯಾಕಾರದ ಅಂಕಣಗಳ ಬ್ಯಾಗ್ ಬೇಕು. ಬೆಳಕಿಗೆ ಎತ್ತಿ ಹಿಡಿದರೆ ವ್ಯತ್ಯಾಸ ಕಾಣುತ್ತದೆ.

ತುಂಗಾತೀರ

ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ವಂದನೆ. ಮ್ಯಾಟ್ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಈಗ ಎರಡು ಬ್ಯಾಗ್‌ಗಳ ನಡುವೆ ನಿಂತಿದ್ದೇನೆ.

ಮೊದಲನೆಯದು: ಫಿಲ್ ಪವರ್ 800, ತುಪ್ಪುಳ 400 ಗ್ರಾಂ, ಒಟ್ಟು 800 ಗ್ರಾಂ, ಕಂಫರ್ಟ್ 3 ಡಿಗ್ರಿ, ಬೆಲೆ 21 ಸಾವಿರ ಚಿಲ್ಲರೆ.
ಎರಡನೆಯದು: ಫಿಲ್ ಪವರ್ 650, ತುಪ್ಪುಳ 600 ಗ್ರಾಂ, ಒಟ್ಟು 1,150 ಗ್ರಾಂ, ಕಂಫರ್ಟ್ ಸೊನ್ನೆ, ಬೆಲೆ 14 ಸಾವಿರ.

ಒಂದು ಕಿಲೋ ಒಳಗೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಮನಸ್ಸು ಮೊದಲನೆಯದರ ಕಡೆ, ಲೆಕ್ಕ ಎರಡನೆಯದರ ಕಡೆ.

ಬಯಲುಸೀಮೆ

ಗುಣಿಸಿ ನೋಡೋಣ. 400 ಗ್ರಾಂ ಎಂದರೆ 14 ಔನ್ಸ್ ಮೇಲೆ ಸ್ವಲ್ಪ, 800ರಿಂದ ಗುಣಿಸಿದರೆ ಸುಮಾರು 11,300. ಇನ್ನೊಂದು 21 ಔನ್ಸ್ ಮೇಲೆ ಸ್ವಲ್ಪ, 650ರಿಂದ ಗುಣಿಸಿದರೆ ಸುಮಾರು 13,800. ಕಂಫರ್ಟ್ ಅಂಕಿಗಳು ಹೇಳುವುದೂ ಇದನ್ನೇ, ಆದ್ದರಿಂದ ಚೀಟಿಯ ಮಾತು ನಂಬಬಹುದು. ಎರಡನೆಯದು ತೆಗೆದುಕೊಳ್ಳಿ, ಉಳಿದ ಆರು ಸಾವಿರದಲ್ಲಿ ಮ್ಯಾಟ್ ಬರುತ್ತದೆ. ಹೆಚ್ಚಿನ 350 ಗ್ರಾಂ ಬೇರೆಡೆ ಇಳಿಸಬಹುದು. ಎರಡನೆಯ ಜೀನ್ಸ್, ದಪ್ಪ ಟವೆಲ್, ಅರ್ಧ ಲೀಟರ್ ಶಾಂಪೂ ಮನೆಯಲ್ಲಿ ಬಿಟ್ಟರೆ ಅಲ್ಲಿಗೆ ಸರಿಹೋಯಿತು.

ಸಿಯಾಟಲ್ ಕನ್ನಡಿಗ

ಜೂನ್ ಒಂದೇ ಆಗಿದ್ದರೆ ನಾನು ಮೊದಲನೆಯದನ್ನೇ ಹೇಳುತ್ತಿದ್ದೆ. ಸೆಪ್ಟೆಂಬರ್ ಇರುವುದರಿಂದ ಬಯಲುಸೀಮೆಯವರ ಮಾತೇ ಸರಿ. ಕೊಳ್ಳುವ ಮುನ್ನ ಉದ್ದ ವಿಚಾರಿಸಿ. ಸಾಮಾನ್ಯ ಅಳತೆಯ ಬ್ಯಾಗ್ ಆರಡಿ ಎತ್ತರದವರಿಗಾಗಿ ಹೊಲಿದದ್ದು. ನಿಮಗೆ ಕಾಲ ಬಳಿ ಒಂದಡಿಗೆ ಹತ್ತಿರ ಖಾಲಿ ಜಾಗ ಉಳಿಯುತ್ತದೆ, ಅದನ್ನು ಬಿಸಿ ಮಾಡಬೇಕಾದದ್ದು ನಿಮ್ಮ ಮೈಯೇ. ಚಿಕ್ಕ ಅಳತೆ ಸಿಕ್ಕರೆ ಬಿಸುಪೂ ಹೆಚ್ಚು, ತೂಕವೂ ಕಡಿಮೆ. ಸಿಗದಿದ್ದರೆ ಮರುದಿನದ ಒಣ ಬಟ್ಟೆಗಳನ್ನು ಪಾದದ ಬಳಿ ತುಂಬಿ, ಬೆಳಿಗ್ಗೆ ಬೆಚ್ಚಗಿನ ಬಟ್ಟೆಯೂ ಸಿಗುತ್ತದೆ.

ಹೊಲಿಗೆಮನೆ

ಒಳಗೆ ಹಾಕಿಕೊಳ್ಳುವ ಲೈನರ್ ಅನ್ನು ಅಂಗಡಿಯಲ್ಲಿ ಕೊಳ್ಳಬೇಡಿ ಎಂದು ಹೇಳಲು ಬಂದೆ. ತೆಳು ರೇಷ್ಮೆ ಬಟ್ಟೆ ತಂದು ದರ್ಜಿಯ ಬಳಿ ಒಂದು ಬದಿ ತೆರೆದ ಚೀಲದ ಹಾಗೆ ಹೊಲಿಸಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿ ರೇಷ್ಮೆಗೆ ಬರವೇ! ಬಿಸುಪು ಹೆಚ್ಚೇನೂ ಕೂಡುವುದಿಲ್ಲ, ಆದರೆ ಮೈಯ ಎಣ್ಣೆ, ಬೆವರು, ಸನ್‌ಸ್ಕ್ರೀನ್ ಬ್ಯಾಗ್‌ಗೆ ತಾಗುವುದಿಲ್ಲ. ಕೊಳೆಯಾದ ತುಪ್ಪುಳ ಉಬ್ಬುವುದಿಲ್ಲ, ಆದ್ದರಿಂದ ಲೈನರ್ ಬಳಸಿದಷ್ಟೂ ಬ್ಯಾಗ್‌ನ ಆಯುಷ್ಯ ಹೆಚ್ಚು.

ತುಂಗಾತೀರ

ಎರಡನೆಯದನ್ನೇ ಕೊಳ್ಳುತ್ತೇನೆ, ಚಿಕ್ಕ ಅಳತೆ ಇದೆಯಂತೆ. ಕೊನೆಯದಾಗಿ ಒಂದು ಪ್ರಶ್ನೆ. ಚಾರಣಗಳ ನಡುವೆ ಬ್ಯಾಗ್ ತೀರ್ಥಹಳ್ಳಿಯ ಮನೆಯಲ್ಲಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಚರ್ಮದ ಬೆಲ್ಟ್‌ಗೂ ಬೂಷ್ಟು ಹಿಡಿಯುತ್ತದೆ. ಹೇಗೆ ಕಾಪಾಡುವುದು? ಒಗೆಯುವುದು ಹೇಗೆ?

ಮಲೆನಾಡ ದಾರಿ

ನಮ್ಮ ಮನೆಯದೂ ಅದೇ ಕಷ್ಟ, ಆದ್ದರಿಂದ ಇದಕ್ಕೆ ಉತ್ತರಿಸುತ್ತೇನೆ. ಮೊದಲನೆಯದಾಗಿ, ಸಣ್ಣ ಚೀಲದಲ್ಲಿ ಬಿಗಿದು ಇಡಬೇಡಿ. ತಿಂಗಳುಗಟ್ಟಲೆ ಅದುಮಿಟ್ಟ ತುಪ್ಪುಳ ಮತ್ತೆ ಪೂರ್ತಿ ಉಬ್ಬುವುದಿಲ್ಲ. ದಿಂಬಿನ ಚೀಲಕ್ಕಿಂತ ದೊಡ್ಡದಾದ ಸಡಿಲ ಹತ್ತಿ ಚೀಲದಲ್ಲಿ ಹಾಕಿ, ಅಟ್ಟದಲ್ಲಿ ಬೇಡ, ದಿನವೂ ಓಡಾಡುವ ಕೋಣೆಯ ಬೀರುವಿನಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಖಂಡಿತ ಬೇಡ, ಒಳಗಿನ ತೇವ ಅಲ್ಲೇ ಉಳಿದು ಬೂಷ್ಟು ಹಿಡಿಯುತ್ತದೆ. ಮಳೆ ಬಿಟ್ಟು ಬಿಸಿಲು ಬಂದ ದಿನ ಒಂದೆರಡು ಗಂಟೆ ಗಾಳಿಯಾಡುವ ನೆರಳಿನಲ್ಲಿ ಹರವಿ. ಆಗಸ್ಟ್ ಪೂರ್ತಿ ಮನೆ ಮುಚ್ಚಿರುತ್ತದೆ ಎಂದಾದರೆ ಬೆಂಗಳೂರಿನಲ್ಲೇ ಇಡುವುದು ಮೇಲು.

ಪ್ರತಿ ಚಾರಣದ ನಂತರ ಒಗೆಯಬೇಕಾಗಿಲ್ಲ. ಕೊಳೆಯಾದ ಕೊರಳ ಭಾಗವನ್ನಷ್ಟೇ ಒರೆಸಿಕೊಳ್ಳಿ. ಪೂರ್ತಿ ಒಗೆಯುವಾಗ ಡೌನ್‌ಗೆಂದೇ ಸಿಗುವ ಸೋಪು ಬಳಸಿ, ಸಾಮಾನ್ಯ ಡಿಟರ್ಜೆಂಟ್ ತುಪ್ಪುಳದ ಸಹಜ ಎಣ್ಣೆಯನ್ನು ತೆಗೆದುಬಿಡುತ್ತದೆ. ಮುಂದಿನಿಂದ ಬಾಗಿಲು ತೆರೆಯುವ ವಾಷಿಂಗ್ ಮಷಿನ್, ಮೆಲ್ಲನೆಯ ಸುತ್ತು. ಒದ್ದೆ ಬ್ಯಾಗ್ ಅನ್ನು ಒಂದು ತುದಿ ಹಿಡಿದು ಎತ್ತಬೇಡಿ, ನೀರಿನ ಭಾರಕ್ಕೆ ಒಳಗಿನ ಗೋಡೆಗಳು ಹರಿಯುತ್ತವೆ. ಎರಡೂ ಕೈಯಲ್ಲಿ ಪೂರ್ತಿ ಆತು ಎತ್ತಿ. ಒಣಗಿಸಲು ದೊಡ್ಡ ಡ್ರೈಯರ್ ಇರುವ ಲಾಂಡ್ರಿ ಹುಡುಕಿ, ಕಡಿಮೆ ಬಿಸಿಯಲ್ಲಿ ಎರಡು ಮೂರು ಟೆನಿಸ್ ಚೆಂಡು ಹಾಕಿ ತಿರುಗಿಸಿ. ಗಂಟುಗಳು ಒಡೆಯುತ್ತವೆ. ಹಲವು ಗಂಟೆ ಹಿಡಿಯುತ್ತದೆ, ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಬೆರಳಿಗೆ ಒಂದೂ ಗಂಟು ಸಿಗದಿರುವವರೆಗೆ ನಿಲ್ಲಿಸಬೇಡಿ.

ಚಾರಣದಲ್ಲಿಯೂ ಒಂದು ಅಭ್ಯಾಸ ಮಾಡಿಕೊಳ್ಳಿ. ರಾತ್ರಿಯೆಲ್ಲ ಮೈಯ ಆವಿ ತುಪ್ಪುಳದೊಳಗೆ ಸೇರುತ್ತದೆ, ದಿನದಿಂದ ದಿನಕ್ಕೆ ಬ್ಯಾಗ್ ಭಾರವಾಗುತ್ತಾ ತಣ್ಣಗಾಗುತ್ತಾ ಹೋಗುತ್ತದೆ. ಮೂಗು, ಬಾಯಿ ಹೊರಗಿಟ್ಟು ಮಲಗಿ, ಉಸಿರನ್ನು ಒಳಗೆ ಬಿಡಬೇಡಿ. ಮಧ್ಯಾಹ್ನ ಊಟಕ್ಕೆ ನಿಂತಾಗ ಬಿಸಿಲಿದ್ದರೆ ಬಂಡೆಯ ಮೇಲೆ ಒಳಬದಿ ಹೊರಗೆ ಮಾಡಿ ಹರವಿ. ಹಂಪ್ಟಾದಲ್ಲಿ ಮಧ್ಯಾಹ್ನದ ನಂತರ ಮೋಡ ಕಟ್ಟುವುದುಂಟು, ಆದ್ದರಿಂದ ಹನ್ನೆರಡಕ್ಕೆ ಮುಂಚೆಯೇ ಹರವಿ ಮಡಚಿಕೊಳ್ಳುವುದು ಒಳ್ಳೆಯದು. ರಕ್‌ಸ್ಯಾಕ್‌ನೊಳಗೆ ಬ್ಯಾಗ್‌ಗೆಂದೇ ಒಂದು ನೀರು ಹೋಗದ ಚೀಲ ಇರಲಿ. ರಕ್‌ಸ್ಯಾಕ್ ಮೇಲಿನ ಮಳೆಗವಸು ಒಂದನ್ನೇ ನಂಬಬೇಡಿ, ಹೊಳೆ ದಾಟುವಾಗ ಅದು ಕೆಲಸಕ್ಕೆ ಬರುವುದಿಲ್ಲ.